ನೈಮಿಷದ ಹಸಿದ ಗೋಡೆ

ಗೋಡೆಗೆ ಪ್ರಾಣ ಕೊಟ್ಟವರು ಅದಕ್ಕೆ ಹಸಿವನ್ನೂ ಕೊಡುತ್ತಾರೆ. ‘ಪರ್ಣಸೌಧ’ದ ಬಣ್ಣಬಣ್ಣದ ಪರಿಚಯಪುಸ್ತಕದ ನಲವತ್ತು ಪುಟಗಳಲ್ಲಿ ಈ ಒಂದು ಮಾತು ಎಲ್ಲಿಯೂ ಇರಲಿಲ್ಲ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಐದಂತಸ್ತಿನ ಆ ಗಾಜಿನ ಕಟ್ಟಡ ಎದ್ದು ಮೂರು ವರ್ಷವಾಗಿತ್ತು. ಅರವತ್ತು ಸಣ್ಣ ಕಂಪನಿಗಳವರು ಒಂದೇ ಸೂರಿನಡಿ ಬಾಡಿಗೆಯ ಮೇಜುಗಳನ್ನು ಹಂಚಿಕೊಂಡು ಅಲ್ಲಿ ಕೆಲಸ ಮಾಡುತ್ತಿದ್ದರು. ಬಿದಿರಿನ ಮೇಜು, ಬಾಳೆನಾರಿನ ಪರದೆ, ಕೆಡವಿದ ಮನೆಗಳ ತೊಲೆಗಳಿಂದ ಕಡೆದ ಬೆಂಚು, ಮೆಟ್ಟಿಲ ಪಕ್ಕದಲ್ಲಿ ಸದಾ ತೊಟ್ಟಿಕ್ಕುವ ನೀರು; ಗೋಡೆಗಳ ತುಂಬ ಹಸಿರು ಹಾವಸೆ, ಮುಟ್ಟಿದರೆ ಕರುವಿನ ಮೈಯಂತೆ ಮೆತ್ತಗೆ. ಸಭೆಯ ಕೋಣೆಗಳಿಗೆ ತಪೋವನಗಳ ಹೆಸರು: ನೈಮಿಷ, ಬದರಿ, ದಂಡಕ. ಎಲೆಯ ಮಾಡು, ಮುಚ್ಚದ ಬಾಗಿಲು, ಹೋಮದ ಹೊಗೆ ಹೋಗಲು ಮೇಲೊಂದು ಕಿಂಡಿ ಎಂದು ಪರ್ಣಶಾಲೆಯ ಲಕ್ಷಣ ಹೇಳಿದ ಜನರ ವಂಶದವರೇ ಒಂದು ಕಿಟಕಿಯೂ ತೆರೆಯದ ಪೆಟ್ಟಿಗೆಯನ್ನು ಕಟ್ಟಿ, ಅದರ ಬಾಗಿಲಿಗೆ ಋಷಿಗಳ ಕಾಡಿನ ಹೆಸರನ್ನು ತಿರುಪಿನಿಂದ ಬಿಗಿದಿದ್ದರು.

ಹೊಸ ನಿಯಮ ಬಂದು ಆಗಲೇ ಒಂಬತ್ತು ವರ್ಷ ಕಳೆದಿತ್ತು. ಕಚೇರಿಯ ಒಳಗೋಡೆಗಳಲ್ಲಿ ಮೂರನೆಯ ಒಂದು ಪಾಲು ಜೀವಂತವಾಗಿರಬೇಕು, ಹಸಿರಾಗಿರಬೇಕು. ಹಾಗಿದ್ದರೆ ಮಾತ್ರ ‘ಹರಿತಮುದ್ರೆ’. ಮುದ್ರೆಯಿಲ್ಲದ ಕಟ್ಟಡದಲ್ಲಿ ಒಂದು ಕುರ್ಚಿಯನ್ನೂ ಬಾಡಿಗೆಗೆ ಕೊಡುವಂತಿರಲಿಲ್ಲ. ಗೋಡೆ ಹಸಿರಾಗಿದ್ದರೆ ಗಾಳಿ ಶುದ್ಧವಾಗಿಯೇ ಇರುತ್ತದೆಂದು ನಿಯಮ ಬರೆದ ಮಹನೀಯರು ನಂಬಿದ್ದರು. ಆದ್ದರಿಂದ ಗಾಳಿಯನ್ನು ಅಳೆಯುವ ಗೊಡವೆಗೆ ಅವರು ಹೋಗಿರಲಿಲ್ಲ.

ಆ ಹಾವಸೆಯನ್ನು ಕಂಡುಹಿಡಿದವಳು ಡಾಕ್ಟರ್ ವೇದವತಿ ಗಲಗಲಿ. ಗದಗಿನ ಆಚೆ, ಯಾರೂ ಇಳಿಯದ ಒಂದು ಹಾಳು ಕಲ್ಲುಬಾವಿಯ ಆಳದಲ್ಲಿ, ನಾವು ಹೊರಬಿಡುವ ಉಸಿರಿನಂಥದೇ ಭಾರವಾದ ಕೆಟ್ಟಗಾಳಿ ಶತಮಾನಗಳಿಂದ ಮಡುಗಟ್ಟಿದ ಕಡೆ, ಅದು ಪಚ್ಚೆಯಂತೆ ಬೆಳೆದಿತ್ತು. ಬೇರೆ ಗಿಡಗಳು ಗುಟುಕರಿಸುವ ಇಂಗಾಲದ ಗಾಳಿಯನ್ನು ಅದು ಗಟಗಟ ಕುಡಿಯುತ್ತಿತ್ತು. ಶುದ್ಧ ಗಾಳಿಯಲ್ಲಿಟ್ಟರೆ ಮಾತ್ರ ಎರಡು ದಿನಗಳಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತಿತ್ತು. ಗಣಿ, ಸುರಂಗ, ನೆಲಮಾಳಿಗೆ ಇಂಥ ಕಡೆ ಇದನ್ನು ಬೆಳೆಸಿರೆಂದು ಅವಳು ಪ್ರಬಂಧ ಬರೆದಳು. ಆಮೇಲೆ, ಸಾಧಾರಣ ಕಚೇರಿಯ ಗಾಳಿಗೂ ಒಗ್ಗುವಂತೆ ಏಳು ವರ್ಷ ಕೂತು ತಳಿಯನ್ನು ತಿದ್ದಿದಳು. ಪರ್ಣಸೌಧದವರು ಅವಳನ್ನು ಕರೆದು ಸಸ್ಯಾಧಿಕಾರಿಯನ್ನಾಗಿ ಮಾಡಿಕೊಂಡರು. ಗೋಡೆ ಹಸಿರಾಯಿತು. ತನ್ನ ತಿದ್ದುಪಡಿ ಫಲಿಸಿತೆಂದು ಅವಳು ನಂಬಿದಳು. ನಂಬಲು ಹಂಬಲಿಸುತ್ತಿದ್ದವಳು ಬೇಗ ನಂಬುತ್ತಾಳೆ.

ಒಂದು ಭಾನುವಾರ ಸಂಜೆ ವಿದ್ಯಾನಗರದ ಎರಡು ಕೋಣೆಯ ಮನೆಗೆ ಅವಳ ಮೌಶಿ ಗೋದಾಬಾಯಿ ಭಜನೆ ಮುಗಿಸಿ ಬಂದಳು. ತಾಯಿಯ ಅಕ್ಕ, ಆರು ವರ್ಷದ ವೇದವತಿಯನ್ನು ಮಡಿಲಿಗೆ ಹಾಕಿಕೊಂಡು ಸಾಕಿದವಳು. ಈಗ ಅರವತ್ತೊಂಬತ್ತರ ವಯಸ್ಸು, ನಡುವೆ ನಡುವೆ ಒಂದು ಬಡಿತ ತಪ್ಪುವ ಎದೆ. ‘ರುಕ್ಮಿಣಿ ಭಜನಾ ಮಂಡಳಿ’ಯ ಇಪ್ಪತ್ತಾರು ಹೆಂಗಸರಿಗೆ ಅವಳೇ ಮುಂದಾಳು. ಯಾರದೋ ಕಾರು ನಿಲ್ಲಿಸುವ ಜಾಗದಲ್ಲಿ, ಮಠದ ಚಪ್ಪಲಿ ಬಿಡುವ ಮೂಲೆಯಲ್ಲಿ ಹಾಡಿಕೊಂಡಿದ್ದ ಮಂಡಳಿಗೆ ಪರ್ಣಸೌಧದ ಒಡೆಯ ನಿರಂಜನ ದೇಸಾಯಿ ಎರಡು ತಿಂಗಳ ಹಿಂದೆ ತಾನಾಗಿಯೇ ನೈಮಿಷದ ಕೋಣೆಯನ್ನು ಭಾನುವಾರದ ಮಟ್ಟಿಗೆ ಬಿಟ್ಟುಕೊಟ್ಟಿದ್ದ. ಹೂವು, ಚಹಾ, ತಂಪು, ಎಲ್ಲವೂ ಉಚಿತ.

“ವೇದಾ, ಇವತ್ತೂ ಬಂದಿದ್ದ ನೋಡು” ಎಂದಳು ಗೋದಾಬಾಯಿ, ಗೋಡೆಗೆ ಒರಗುತ್ತ.

“ಯಾರು ಮೌಶಿ?”

“ಯಾರಂತ ಕೇಳ್ತಿ! ನಲವತ್ತೊಂದು ವರ್ಷ ಯಾರನ್ನ ಕರೀಲಿಕ್ಕತ್ತೀನಿ ನಾನು? ಬಾಜೂಮನಿ ರಾಘಪ್ಪನ್ನೇನು?” ಅವಳ ಮುಖ ಬಾಡಿತ್ತು, ಕಣ್ಣು ಹೊಳೆಯುತ್ತಿತ್ತು. “ಮೂರನೇ ಹಾಡಿಗೆ ಮೈ ಹಗರಾತು. ನಾಲ್ಕನೇದ್ದಕ್ಕ ಕಣ್ಣು ತಾವs ಮುಚ್ಚಿದವು. ಎದಿ ಢವಢವ ಅಂತಿತ್ತು, ಆದ್ರ ಅಂಜಿಕಿ ಇಲ್ಲ. ಸುಶೀಲಕ್ಕ ಅಂತೂ ಗೊಳೋ ಅಂತ ಅತ್ತಬಿಟ್ಟಳು. ಆ ಕೋಣಿ ವಿಠ್ಠಲಗ ಭಾಳ ಸೇರೇದ ಕಾಣ್ತದ.”

“ತಲಿನೋವು?”

“ಅದು ಇರೂದs. ಅಷ್ಟು ದೊಡ್ಡಾವ ಬಂದು ಹೋದ ಮ್ಯಾಲೆ ಈ ಮುದಿ ಮೈ ಸೋಲಬಾರದೇನು?”

ಹೀಗೆಂದು ನಕ್ಕು ಎದ್ದವಳು ಮೋರಿಯ ಬಳಿ ಹೋಗಿ ಕುಡಿದ ಚಹಾವನ್ನೆಲ್ಲ ಕಾರಿದಳು. ವೇದವತಿ ಬೆನ್ನು ನೀವಿ, ಕರೆತಂದು ಮಲಗಿಸಿದಳು. ಅವಳಿಗೆ ಮೌಶಿಯ ಹಳೆಯ ಸಂಕಟ ಗೊತ್ತಿತ್ತು. ಉಳಿದವರ ಕಣ್ಣು ತುಂಬುವ ಹಾಡಿಗೆ ಗೋದಾಬಾಯಿಯ ಕಣ್ಣು ಎಂದೂ ಒದ್ದೆಯಾದದ್ದಿಲ್ಲ. ‘ನಂದು ಕಲ್ಲಿನ ಎದಿ, ಅದಕ್ಕs ಅವ ಹೊಸ್ತಿಲ ದಾಟವಲ್ಲ’ ಎಂದು ದೇವರ ಮನೆಯಲ್ಲಿ ಒಬ್ಬಳೇ ಕೂತು ಗೊಣಗುತ್ತಿದ್ದಳು. ಈಗ ಮುಪ್ಪಿನಲ್ಲಿ ಆ ಕಲ್ಲು ಕರಗಿತ್ತು. ಅವಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ವೇದವತಿಗೆ ಒಳಗೊಳಗೇ ಅಸೂಯೆಯೂ ಆಯಿತೆಂದರೆ ತಪ್ಪಲ್ಲ.

ಮರುದಿನ ಬೆಳಿಗ್ಗೆ ಕಟ್ಟಡದ ಸುತ್ತು ಹಾಕುವಾಗ ಅವಳು ನೈಮಿಷದ ಬಾಗಿಲಲ್ಲಿ ನಿಂತುಬಿಟ್ಟಳು. ಶನಿವಾರ, ಭಾನುವಾರ ಜನರಿಲ್ಲದ್ದರಿಂದ ಬದರಿಯ ಗೋಡೆಯೂ ದಂಡಕದ ಗೋಡೆಯೂ ಹಳದಿಗೆ ತಿರುಗಿದ್ದವು. ಸೋಮವಾರದ ಈ ಹಳದಿಯನ್ನು ಅವಳು ಈವರೆಗೆ ನೀರಿನ ಕೊರತೆಯೆಂದೇ ತಳ್ಳಿಹಾಕಿದ್ದಳು. ನೈಮಿಷದ ಗೋಡೆ ಮಾತ್ರ ಬಾವಿಯ ತಳದಲ್ಲಿ ಅಂದು ಕಂಡಂತೆಯೇ ಕಡುಹಸಿರಾಗಿ ಉಬ್ಬಿ ನಿಂತಿತ್ತು. ಸಾಧಾರಣ ಗಾಳಿಗೆ ಒಗ್ಗಿದ ತಳಿಯಾದರೆ ಎರಡು ದಿನಕ್ಕೆ ಉಳಿದ ಗೋಡೆಗಳು ಬಾಡಬಾರದಿತ್ತು. ಒಗ್ಗದ ತಳಿಯಾದರೆ ಈ ಒಂದು ಗೋಡೆ ಹೀಗೆ ಉಬ್ಬಬಾರದಿತ್ತು.

ನೆಲಮಾಳಿಗೆಯ ನಿಯಂತ್ರಣ ಕೋಣೆಯಲ್ಲಿ ಮೌಲಾಸಾಬ ನದಾಫ್ ಪರದೆಗಳ ಮುಂದೆ ಕೂತಿದ್ದ. ಮೂವತ್ತು ವರ್ಷ ಏಸಿ ಯಂತ್ರಗಳ ಹೊಟ್ಟೆಯಲ್ಲಿ ಕೈಯಾಡಿಸಿದ ಮನುಷ್ಯ.

“ಮೌಲಾಸಾಬ, ನಿನ್ನಿ ನೈಮಿಷದ ಗಾಳಿ ಲೆಕ್ಕ ತೋರಸ್ರಿ.”

“ನಿನ್ನಿ ಸೂಟಿ ಅಲ್ರೀ ಬಾಯಾರ.”

“ಭಜನಿ ಇತ್ತಲ್ಲ.”

ಅವನು ಕೈ ಒರೆಸುವ ಬಟ್ಟೆಯನ್ನು ಮಡಚಿಟ್ಟ. ಬಳಿಕ ಗುಂಡಿ ಒತ್ತಿದ. ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ನಾಲ್ಕುನೂರ ಐವತ್ತು ಪಾಲು ಇಂಗಾಲದ ಗಾಳಿ. ಸಾವಿರ ದಾಟಿದರೆ ಕಿಟಕಿ ತೆರೆಯಬೇಕೆಂಬುದು ಬಲ್ಲವರ ಮಾತು. ಪರದೆಯ ಮೇಲೆ ಗೆರೆ ಮೂರು ಗಂಟೆಗೆ ಏರತೊಡಗಿ ಐದರ ಹೊತ್ತಿಗೆ ಎಂಟು ಸಾವಿರದ ಇನ್ನೂರಕ್ಕೆ ಮುಟ್ಟಿತ್ತು.

“ಹೊರಗಿನ ಗಾಳಿ ಬಿಡೋ ಬಾಗಲಾ?”

“ಮುಚ್ಚೇದ್ರಿ. ಸಾಹೇಬರ ಹುಕುಂ.” ಅವನ ದನಿ ತಗ್ಗಿತು. “ಸೋಮವಾರದಿಂದ ಶುಕ್ರವಾರತನಕಾನೂ ಮುಕ್ಕಾಲು ಮುಚ್ಚೇ ಇರ್ತದ. ಎರಡು ಸಾವಿರ, ಎರಡೂವರಿ ಸಾವಿರ. ಮಂದಿ ಮಧ್ಯಾಹ್ನ ತೂಕಡಸ್ತಾರ, ರೊಟ್ಟಿ ಭಾರ ಆತು ಅಂತಾರ. ರೊಟ್ಟಿ ಪಾಪ ಏನ್ ಮಾಡೀತ್ರಿ? ಗ್ವಾಡಿ ಹಸರ ಇರಬೇಕಂದ್ರ ಮಂದಿ ಉಸಿರು ಒಳಗs ಉಳೀಬೇಕು. ಸಿಲಿಂಡರ್ ಬಿಡೂಹಂಗಿಲ್ಲ, ಕೃತಕ ಅನಿಲ ಅಂತ ಮುದ್ರಿ ಹೋಗ್ತದ. ಮನಶ್ಯಾರ ಉಸಿರಾದ್ರ ನೈಸರ್ಗಿಕ ನೋಡ್ರಿ.”

“ಅದಕ್ಕ ಭಜನಿಯವರು?”

“ಸುಮ್ಮ ಕುಂತವರಿಗಿಂತ ಹಾಡೋರು ಜಾಸ್ತಿ ಉಸಿರು ಬಿಡ್ತಾರಂತ. ಮೊದಲಿಗೆ ನಗೆಕೂಟದವರನ್ನ ಕರಸಿದ್ರು, ಅರ್ಧ ತಾಸಿಗೆ ತಲಿನೋವಂತ ಎದ್ದು ಓಡಿದ್ರು. ಈ ಬಾಯಾರು ಏಳೂದs ಇಲ್ಲ.”

ಏಳುವುದಿಲ್ಲ ಏಕೆಂದು ವೇದವತಿಗೆ ಗೊತ್ತಿತ್ತು. ನಗೆಕೂಟದವರು ಬವಳಿಯನ್ನು ಬವಳಿಯೆಂದೇ ಅರಿತರು. ಮೂರನೆಯ ಹಾಡಿಗೆ ಮೈ ಹಗುರಾಗುವುದನ್ನೂ ಕಣ್ಣು ತಾನಾಗಿ ಮುಚ್ಚುವುದನ್ನೂ ಎದೆ ಬಡಿದುಕೊಳ್ಳುವುದನ್ನೂ ಜೀವಮಾನವಿಡೀ ಬೇಡಿ ಕಾದ ಹೆಂಗಸರು ಮಾತ್ರ ಅದನ್ನು ಬೇರೆ ಹೆಸರಿನಿಂದ ಕರೆದು ಕೈಮುಗಿದು ಕೂತಾರು. ಹೊನ್ನು ಕದ್ದವನಿಗೆ, ಹೆಣ್ಣು ಕದ್ದವನಿಗೆ, ಗೋವು ಕದ್ದವನಿಗೆ ಶಾಸ್ತ್ರಕಾರರು ಒಂದೊಂದು ಪ್ರಾಯಶ್ಚಿತ್ತ ಬರೆದಿದ್ದಾರೆ. ಭಕ್ತಿಯನ್ನು ಕದ್ದು ಗೋಡೆಗೆ ಗೊಬ್ಬರ ಹಾಕುವವನಿಗೆ ಯಾರೂ ಬರೆದಿಲ್ಲ. ಅಂಥವನೊಬ್ಬ ಹುಟ್ಟಿಯಾನೆಂದು ಆ ಪುಣ್ಯಾತ್ಮರಿಗೆ ಹೊಳೆದಿರಲಿಲ್ಲ.

ನಿರಂಜನ ದೇಸಾಯಿ ಖಾದಿಯ ಉದ್ದಂಗಿ ತೊಟ್ಟು, ಕೆಡವಿದ ಯಾವುದೋ ಮನೆಯ ದೇವರ ಕೋಣೆಯ ಬಾಗಿಲನ್ನು ಮೇಜಾಗಿ ಮಾಡಿಕೊಂಡು ಕೂತಿದ್ದ. ಅವನ ಕೋಣೆಯಲ್ಲಿ ಹಾವಸೆ ಇರಲಿಲ್ಲ; ಇಡೀ ಕಟ್ಟಡದಲ್ಲಿ ತೆರೆಯುವ ಒಂದೇ ಒಂದು ಕಿಟಕಿ ಅಲ್ಲಿತ್ತು, ತೆರೆದಿತ್ತು.

“ಡಾಕ್ಟರ, ಕೂಡ್ರಿ. ಮುಂದಿನ ಭಾನುವಾರ ಮುದ್ರಿ ತಪಾಸಣಿ, ನೈಮಿಷದ ಗ್ವಾಡಿನs ತೋರಸೂದು. ನಿಮ್ಮ ಗ್ವಾಡಿನs ನಮ್ಮ ಮಾನ.”

“ಎಂಟು ಸಾವಿರದಾಗ ಅರವತ್ತು ಎಪ್ಪತ್ತು ವಯಸ್ಸಿನ ಹೆಣ್ಣಮಕ್ಕಳನ್ನ ಎರಡು ತಾಸು ಕೂಡಸೀರಿ. ಅದರಾಗ ಒಬ್ಬಾಕಿಗೆ ಎದಿಬ್ಯಾನಿ. ನಾಳೆ ಒಂದು ಜೀವ ಹೋದ್ರ?”

“ಹೋಗಿಲ್ಲಲ್ಲ.” ಅವನು ಮೃದುವಾಗಿಯೇ ಹೇಳಿದ. “ಅವರಿಗೆ ಆನಂದ, ನಮಗ ಹಸರು. ಯಾರಿಗೆ ಕೇಡು ಹೇಳ್ರಿ? ಹಾಡಲಿಕ್ಕೆ ಜಾಗಾ ಇರಲಿಲ್ಲ, ನಾ ಕೊಟ್ಟೆ. ನೀವs ಅವತ್ತು ನನಗ ಕೈ ಮುಗದಿದ್ರಿ.”

ಅದು ನಿಜವಾಗಿತ್ತು.

“ಕೆಟ್ಟಗಾಳಿ ಇದ್ದಲ್ಲಿಗೆ ಹಾವಸಿ ಒಯ್ಯಿರಿ ಅಂತ ಬರದಿದ್ದೆ ನಾನು. ನೀವು ಹಾವಸಿ ಇದ್ದಲ್ಲಿಗೆ ಕೆಟ್ಟಗಾಳಿ ತಂದೀರಿ!”

“ಹಾವಸಿ ನಿಮ್ಮ ಹೆಸರಿಂದ್ರೀ. ಗ್ವಾಡಿ ಒಣಗಿದ್ರ ಮೊದಲ ಒಣಗೂದು ನಿಮ್ಮ ಹೆಸರು. ಇನ್ನೊಂದು ಮಾತು.” ದೇಸಾಯಿ ಮೇಜಿನಾಚೆಯಿಂದ ಬಾಗಿದ. “ಅವರೆಲ್ಲಾ ದೇವರು ಬಂದಾನಂತಾರ. ನೀವು ಹೋಗಿ, ಬಂದಿಲ್ಲಂತ ಹೇಳ್ತೀರೇನು? ನಿಮ್ಮ ಮೌಶಿಗೆ?”

ಮೂರು ದಿನ ಅವಳು ಹೇಳಲಿಲ್ಲ. ಗುರುವಾರ ಮುಂಜಾನೆ ಗೋದಾಬಾಯಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಾಗ ಹೇಳಿದಳು. ಸುತ್ತು ಬಳಸಲಿಲ್ಲ.

“ಹಳೇ ಬಾವಿಗೆ ಇಳಿಯೂ ಮೊದಲು ಕಂದೀಲು ಇಳಸ್ತಿದ್ರಲ್ಲ ಮೌಶಿ, ಆರಿದ್ರ ಯಾರೂ ಇಳೀತಿರಲಿಲ್ಲ. ಆ ಕೋಣಿ ದೀಪ ಆರಿಸೋವಷ್ಟು ಕೆಟ್ಟಿಲ್ಲ ಖರೆ, ಆದ್ರ ಅದs ದಾರಿ. ಮೈ ಹಗರಾಗೂದು, ಕಣ್ಣು ಮುಚ್ಚೂದು, ಎದಿ ಹೊಡಕೊಳ್ಳೂದು ಎಲ್ಲಾ ಗಾಳೀದು. ಗಾಳಿ ಬಾಗಲಾ ಮುಚ್ಚಿರ್ತಾರ. ಗ್ವಾಡಿಗೆ ನಿಮ್ಮ ಉಸಿರು ಬೇಕು.”

ಬೇಳೆಯಲ್ಲಿ ಆಡುತ್ತಿದ್ದ ಬೆರಳು ನಿಂತಿತು.

“ಗಾಳೀದು” ಎಂದಳು ಗೋದಾಬಾಯಿ.

“ಹೌದು.”

“ನನ್ನ ಕಣ್ಣಾಗ ನೀರು ಬಂದದ್ದು?”

ವೇದವತಿ ತಲೆ ತಗ್ಗಿಸಿದಳು. “ನನಗೂ ಹಂಗs ಆತು ಮೌಶಿ. ಏಳು ವರ್ಷದ ಕೆಲಸ ಹಣ್ಣಾತು ಅನಕೊಂಡಿದ್ದೆ. ಅದೂ ಮುಚ್ಚಿದ ಬಾಗಲದ ಹಸರು.”

“ನಿಂದು ಹಾವಸಿ!” ಮೊರ ಸರಿಯಿತು, ಬೇಳೆ ನೆಲಕ್ಕೆ ಚೆಲ್ಲಿತು. “ಹಾವಸಿ ಮ್ಯಾಲೆ ವಿಠ್ಠಲನ್ನ ತಂದು ಕೂಡಸ್ತೀಯೇನು? ನಾಕು ಅಕ್ಷರ ಕಲತು ಡಾಕ್ಟರ ಆದಿ, ಇನ್ನ ನನ್ನ ದೇವರ ನಾಡಿನೂ ಹಿಡದು ನೋಡಾಕಿ ಆದಿ? ಅವ ಎಲ್ಲೆ ಬೇಕಾದಲ್ಲೆ ಬರ್ತಾನ. ಗಾಳ್ಯಾಗ ಬರಬಾರದಂತೇನು?”

ವೇದವತಿ ಭಾನುವಾರ ಹೋಗಬೇಡ ಎಂದಷ್ಟೇ ಬೇಡಿಕೊಂಡಳು. ಗೋದಾಬಾಯಿ ಚೆಲ್ಲಿದ ಬೇಳೆಯನ್ನು ಒಂದೊಂದಾಗಿ ಆರಿಸಿದಳು. ಅಂದಿನಿಂದ ಭಾನುವಾರದವರೆಗೆ ತಾನೇ ಮಗಳಂತೆ ಸಾಕಿದ ವೇದವತಿಯೊಡನೆ ಒಂದು ಮಾತೂ ಆಡಲಿಲ್ಲ.

ಭಾನುವಾರ ಎರಡೂವರೆಗೆ ವೇದವತಿ ನಿಯಂತ್ರಣ ಕೋಣೆಗೆ ಹೋದಳು. ಮೌಲಾಸಾಬ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಮುಖ ಬೇರೆ ಕಡೆ ತಿರುಗಿಸಿದ.

“ನಾ ಕೊಟ್ಟಿಲ್ರೀ, ನೀವs ತಗೊಂಡ್ರಿ.” ಮತ್ತೆ ಇತ್ತ ತಿರುಗಿ, “ಅಲ್ಲಾ, ಬಿಡ್ರಿ. ನಾನs ಕೊಟ್ಟೆ ಅಂತ ಹೇಳ್ರಿ. ನಮ್ಮವ್ವನೂ ಹಿಂಗs ನಂಬಾಕಿ ಇದ್ದಳು.”

ಅವಳು ನೈಮಿಷದ ಗಾಳಿಯ ಬಾಗಿಲನ್ನು ಪೂರ್ತಿ ತೆರೆದಳು.

ಮೇಲೆ ಹೋಗುವಷ್ಟರಲ್ಲಿ ಹಾಡು ಶುರುವಾಗಿತ್ತು. ಬಾಗಿಲ ಬಳಿ ದೇಸಾಯಿ. ಅವನ ಪಕ್ಕದಲ್ಲಿ ಮುದ್ರೆಯ ತಪಾಸಣಾಧಿಕಾರಿ ಉತ್ತಯ್ಯ, ಕೊಡಗಿನವನು, ಕೈಯಲ್ಲಿ ನಮೂನೆಯ ಹಾಳೆ ಸಿಕ್ಕಿಸಿದ ಹಲಗೆ ಹಿಡಿದು ಗೋಡೆಯ ಹಸಿರನ್ನು ಬಣ್ಣದ ಪಟ್ಟಿಗೆ ಹೋಲಿಸುತ್ತಿದ್ದ. ಒಂದನೆಯ ಹಾಡು ಮುಗಿಯಿತು, ಎರಡನೆಯದು ಮುಗಿಯಿತು. ಮೂರನೆಯದಕ್ಕೆ ಹೆಂಗಸರು ಎಂದಿನಂತೆ ಕಣ್ಣು ಅರೆಮುಚ್ಚಿ ಕಾದರು. ನಾಲ್ಕನೆಯ ಹಾಡಿನ ಕೊನೆಗೆ ಸುಶೀಲಕ್ಕ ಒಂದು ಕಣ್ಣು ತೆರೆದು ಪಕ್ಕದವಳನ್ನು ನೋಡಿದಳು. ಐದನೆಯದರ ನಡುವೆ ಗೋದಾಬಾಯಿ ತಾಳ ಹಾಕುವುದನ್ನು ನಿಲ್ಲಿಸಿದಳು. ಒಂದೊಂದೇ ದನಿ ಅಡಗಿ ಕೋಣೆ ನಿಶ್ಶಬ್ದವಾಯಿತು. ಮೇಲಿನ ಕಿಂಡಿಯಿಂದ ಬಿಸಿಲಿನ, ಧೂಳಿನ, ಡೀಸೆಲ್ಲಿನ ವಾಸನೆಯ ಹೊರಗಾಳಿ ಸುಯ್ಯೆಂದು ಇಳಿಯುತ್ತಿತ್ತು.

“ವೇದಾ” ಎಂದಳು ಗೋದಾಬಾಯಿ, ತಿರುಗದೆ. “ಗಾಳಿ ಬಿಟ್ಟೀಯೇನು?”

“ಬಿಟ್ಟೀನಿ ಮೌಶಿ.”

ಮುದುಕಿ ತನ್ನ ಅಂಗೈಯನ್ನು ಎದೆಯ ಮೇಲಿಟ್ಟು ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಕಣ್ಣು ಒಣಗಿತ್ತು, ನಲವತ್ತೊಂದು ವರ್ಷ ಒಣಗಿದ್ದಂತೆಯೇ.

ದೇಸಾಯಿ ಕೈಜೋಡಿಸಿ ಮುಂದೆ ಬಂದ. “ಅಕ್ಕಾರ, ಇವತ್ತ ಮಂದಿ ಗದ್ದಲ, ಏಕಾಗ್ರತಾ ಆಗಿಲ್ಲ. ಎರಡು ನಿಮಿಷ ತಡೀರಿ, ಗಾಳಿ ಸರಿ ಮಾಡಸ್ತೀನಿ, ಮತ್ತ ಬರ್ತದ ಎಲ್ಲಾ.”

“ಏನು ಬರ್ತದ?” ಗೋದಾಬಾಯಿ ನೆಲಕ್ಕೆ ಕೈಯೂರಿ ಎದ್ದಳು.

ದೇಸಾಯಿ ಮೇಲಿನ ಕಿಂಡಿಯತ್ತ ಕಣ್ಣು ಹಾಯಿಸಿದ.

“ನಲವತ್ತೊಂದು ವರ್ಷ ಅವ ಬರಲಿಲ್ಲ. ಬರಲಿಲ್ಲಂತ ನಾ ಹಾಡೂದು ಬಿಡಲಿಲ್ಲ. ಅದು ಅವಂದೂ ನಂದೂ ಜಗಳ ಇತ್ತು, ನಾವಿಬ್ಬರs ಬಗಿಹರಿಸಿಕೊಳ್ತಿದ್ದೆವು. ನಡುವ ನೀ ಯಾರು, ಅವನ ಹೆಸರು ಹೇಳಿಕೊಂಡು ನನ್ನ ಎದಿ ಬಾಗಲಾ ಬಡಿಯಾಂವ? ನಮ್ಮ ಉಸಿರು ಬೇಕಿತ್ತಂದ್ರ ಉಸಿರು ಕೊಡ್ರಿ ಅಂತ ಕೇಳಬೇಕಿತ್ತು. ಬಡವರು ಹೌದು, ಕೊಡ್ತಿದ್ದೆವೇನೋ. ಹೂವು ಮುಡಿಸಿ, ಚಹಾ ಕುಡಿಸಿ, ದೇವರ ವೇಷ ಹಾಕ್ಕೊಂಡು ಬಂದೆಲ್ಲೋ!”

ಸುಶೀಲಕ್ಕ ಮುಡಿದಿದ್ದ ಮಲ್ಲಿಗೆಯನ್ನು ಕಿತ್ತು ಗೋಡೆಯ ಬುಡದಲ್ಲಿಟ್ಟಳು.

ವೇದವತಿ ಎರಡು ತಿಂಗಳ ಗಾಳಿಯ ಅಂಕಿಗಳನ್ನು ಅಚ್ಚು ಹಾಕಿ ತಂದಿದ್ದಳು. ಅದನ್ನು ಉತ್ತಯ್ಯನ ಕೈಗಿತ್ತಳು. “ಈ ಹಾವಸೆ ನನ್ನದು. ನನ್ನ ತಿದ್ದುಪಡಿ ಫಲಿಸಿಲ್ಲ. ಇದು ಹಸಿರಾಗಿದ್ದಷ್ಟೂ ಗಾಳಿ ಕೆಟ್ಟಿದೆ ಎಂದೇ ಅರ್ಥ. ಇದನ್ನು ನೋಡಿ ನೀವು ಮುದ್ರೆ ಕೊಟ್ಟ ಪ್ರತಿಯೊಂದು ಕಟ್ಟಡಕ್ಕೂ ಹೋಗಿ ಗಾಳಿಯನ್ನು ಅಳೆಯಿರಿ.”

ಉತ್ತಯ್ಯ ಅಂಕಿಗಳನ್ನು ಓದಿದ. ನಮೂನೆಯನ್ನು ಎರಡು ಸಲ ಮಗುಚಿ ನೋಡಿ, “ಅಮ್ಮಾ, ಗೋಡೆಯ ಬಣ್ಣಕ್ಕೆ ಆರು ಕಾಲಂ ಇದೆ. ಗಾಳಿಗೆ ಒಂದೂ ಇಲ್ಲ. ಇದನ್ನು ನಾನು ಎಲ್ಲಿ ಬರೆಯಲಿ?” ಎಂದ. ಅವನು ಕುಹಕದಿಂದ ಕೇಳಿದ್ದಲ್ಲ. ನಿಜವಾಗಿಯೂ ಅವನಿಗೆ ತೋಚಿರಲಿಲ್ಲ. ಹೀಗೆ ತೋಚದಿರುವ ಸಜ್ಜನರ ಬೆನ್ನ ಮೇಲೆಯೇ ದೇಸಾಯಿಯಂಥವರು ಐದಂತಸ್ತು ಕಟ್ಟುತ್ತಾರೆ.

“ಕಾಲಂ ಇಲ್ಲಂದ್ರ ಅಂಚಿನಾಗ ಬರಿಯಪ್ಪಾ” ಎಂದಳು ಗೋದಾಬಾಯಿ. “ಅಂಚು ಅದಲ್ಲ?”

ಉತ್ತಯ್ಯ ಅವಳನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದ. ಹಲಗೆಯನ್ನು ಮೊಣಕಾಲಿಗೆ ಆನಿಸಿಕೊಂಡು, ಹಾಳೆಯ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆಯತೊಡಗಿದ. ದೇಸಾಯಿ ಅವನ ತೋಳು ಹಿಡಿದು ಏನೋ ಹೇಳಿದ. ಉತ್ತಯ್ಯ ತೋಳನ್ನು ಬಿಡಿಸಿಕೊಂಡು ಮತ್ತೆ ಬರೆದ.

ಹೆಂಗಸರು ಚಾಪೆ ಸುತ್ತತೊಡಗಿದ್ದರು. “ಗೋದಕ್ಕಾ, ಮಂಗಳ ಹಾಡದs ಏಳಬಾರದಲ್ಲಾ” ಎಂದಳು ಒಬ್ಬಳು, ಅಳುದನಿಯಲ್ಲಿ.

“ಹಾಡೋಣಂತ. ಇಲ್ಲೆ ಬ್ಯಾಡ.”

ಇಪ್ಪತ್ತಾರು ಜನರೂ ಮೆಟ್ಟಿಲಿಳಿದು, ಹಿರಿಯರು ಪಕ್ಕದ ಕಟಾಂಜನದ ಸರಳು ಹಿಡಿದು, ಬಿಸಿಲಿಗೆ ಬಂದು ರಸ್ತೆಯ ಅಂಚಿನಲ್ಲಿ ನಿಂತರು. ಎದುರಿಗೆ ಬಸ್ಸಿನ ಹಾರನ್ನು, ಆಟೋಗಳ ಹೊಗೆ. ಗೋದಾಬಾಯಿ ಮಂಗಳದ ಮೊದಲ ಸಾಲೆತ್ತಿದಳು. ಗಂಟಲು ಒಡೆದಿತ್ತು, ಎರಡು ಕಡೆ ಸ್ವರ ಜಾರಿತು. ಮೈ ಹಗುರಾಗಲಿಲ್ಲ, ಮೊಣಕಾಲು ನೋಯುತ್ತಿತ್ತು. ವೇದವತಿ ಅವಳ ಪಕ್ಕಕ್ಕೆ ಹೋಗಿ ನಿಂತಾಗ ಮುದುಕಿ ಹಾಡು ನಿಲ್ಲಿಸದೆಯೇ ಅವಳ ಭುಜದ ಮೇಲೆ ಕೈಯೂರಿ ಭಾರ ಬಿಟ್ಟಳು.

ಹಾಡು ಮುಗಿಯಿತು. ಯಾರೂ ಬರಲಿಲ್ಲ. ಗೋದಾಬಾಯಿ ಕೈಮುಗಿದಳು.